ಪೆಸಮಿನೊ ಮಾಡಿದ ನಿಯಮ

ನಮ್ಮ ಪೆಸಮಿನೊ, ನಾವು ಸಮೋವಾದವರು ವಲಸೆ ಬಂದು ನೆಲೆಸಿದ ಮಾಂಗೆರೆಯ ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರುವವನು. ಚರ್ಚಿನಲ್ಲಿ ಹಿರಿಯ, ಹಾಡುವವರ ಸಾಲಿನಲ್ಲಿ ಗಡಸು ಗಂಟಲಿನವನು. ಒಂದು ಹೊಟ್ಟೆಪಾಡಿಗೆ, ಇನ್ನೊಂದು ಪರಲೋಕಕ್ಕೆ. ಈ ಲೋಕದಲ್ಲಿ ಅವನು ಬದುಕಿದ್ದು ಪರದೆಯ ಮೇಲೆ ಇಬ್ಬರು ಗುದ್ದಾಡುವ ಆಟಕ್ಕಾಗಿ. ಅದನ್ನೂ ಯಂತ್ರದ ಮೇಲೆ ನೆಟ್ಟ ಸ್ಟಿಕ್ಕು ಹಿಡಿದೇ ಆಡಬೇಕು. ದೇವರು ಆದಾಮನಿಗೆ ಎಡಗೈ ಕೊಟ್ಟದ್ದು ಸ್ಟಿಕ್ಕು ಹಿಡಿಯಲೆಂದೇ, ಹಣ್ಣು ಕೀಳಲು ಬಲಗೈ ಇತ್ತಲ್ಲ, ಎಂದು ಅವನು ಎಷ್ಟೋ ಸಲ ವಾದಿಸಿದ್ದಾನೆ. ಪಾದ್ರಿಗಳು ಇದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದಾರೆ.

ಅವನು ಕಲಿತದ್ದು ಮೀನು-ಚಿಪ್ಸ್ ಅಂಗಡಿಯ ಮೂಲೆಯಲ್ಲಿದ್ದ ಯಂತ್ರದ ಮೇಲೆ. ಆಗ ಅವನ ಜೊತೆ ಕಿಲಿಫಿ ಅಂತ ಒಬ್ಬನಿದ್ದ. ಇಬ್ಬರೂ ಸೇರಿ ಆ ಸ್ಟಿಕ್ಕನ್ನು ಎಷ್ಟು ಸಲ ಮುರಿದರೆಂದರೆ, ಅಂಗಡಿಯವನು ರೋಸಿಹೋಗಿ ಗುದ್ದಲಿಯ ಹಿಡಿಯನ್ನೇ ಅಲ್ಲಿ ಸಿಕ್ಕಿಸಿದ. ಮರುದಿನ ಅದೂ ಮುರಿಯಿತು. ಆಮೇಲೆ ಹಡಗಿನ ಚುಕ್ಕಾಣಿ ತರಲು ಬಂದರಿಗೆ ಆಳು ಕಳಿಸಿದ್ದ ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ಹಾಗಾಗಿ ಹೇಳುವುದಿಲ್ಲ.

ಕಿಲಿಫಿ ಸಿಡ್ನಿಗೆ ಹೊರಟ ದಿನ ಇಬ್ಬರೂ ಕೊನೆಯದೊಂದು ಆಟ ಆಡಿದರು. ಕಿಲಿಫಿ ಗೆದ್ದ. ಗೆದ್ದವನು ಬ್ಯಾಗು ಎತ್ತಿಕೊಂಡು ನೇರ ವಿಮಾನ ಹತ್ತಿಬಿಟ್ಟ. "ಬಾ, ನೋಡ್ಕೋತೀನಿ" ಎಂದು ಇವನು ಹಿಂದಿನಿಂದ ಕೂಗಿದ. "ಬಂದ್ರೆ ತಾನೆ" ಎಂದು ಅವನು ಮುಂದಿನಿಂದ ಕೂಗಿದ. ಮೂವತ್ತು ವರ್ಷವಾಯಿತು, ಪೆಸಮಿನೊಗೆ ಮಕ್ಕಳಾದವು, ಮಕ್ಕಳಿಗೆ ಮಕ್ಕಳಾದವು, ಹಲ್ಲು ನಾಲ್ಕು ಹೋದವು. ಆ ಸೋಲು ಮಾತ್ರ ಹೋಗಲಿಲ್ಲ.

ಈಗ ಶನಿವಾರಗಳಲ್ಲಿ ರಗ್ಬಿ ಕ್ಲಬ್ಬಿನ ಮಹಡಿಯಲ್ಲಿ ಪಂದ್ಯ ನಡೆಯುತ್ತದೆ. ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂರುವವನು ಹಾಲೊತಿ. ಟೋಂಗಾದವನು, ನಮ್ಮ ಹಳೆಯ ಎದುರಾಳಿ ದ್ವೀಪದವನು, ಆದರೂ ನಾವು ಸಮೋವಾದವರೇ ಅವನನ್ನು ನ್ಯಾಯವಂತ ಎಂದು ಒಪ್ಪಿದ್ದೇವೆ. ವಾರವೆಲ್ಲ ತಪ್ಪು ಜಾಗದಲ್ಲಿ ನಿಲ್ಲಿಸಿದ ಕಾರುಗಳಿಗೆ ದಂಡದ ಚೀಟಿ ಅಂಟಿಸುವುದು ಅವನ ಉದ್ಯೋಗ. ರಜೆಯ ದಿನ ಕೈ ಕಟ್ಟಿ ಕೂರಲಾರದೆ ಆಟಗಾರರು ತಂದದ್ದನ್ನೆಲ್ಲ ತಿರುಗಿಸಿ, ಒತ್ತಿ, ಮೂಸಿ ಒಳಗೆ ಬಿಡುತ್ತಾನೆ. ಸ್ಟಿಕ್ಕಿನ ಬದಲು ಅಂಗೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಆಡುವ ಪ್ಯಾಡು ತರುವವರೂ ಇದ್ದಾರೆ, ಆದರೆ ತಂತಿಯಿಲ್ಲದ ಪ್ಯಾಡಿಗೆ ಪ್ರವೇಶವಿಲ್ಲ. ಒಮ್ಮೆ ಯಾರೋ ಅಂಥ ಪ್ಯಾಡನ್ನು ಆರಿಸದೆ ಚೀಲಕ್ಕೆ ಹಾಕಿಕೊಂಡಿದ್ದರು. ಊಟ ಬಡಿಸಲು ಬಂದ ಹೆಂಗಸೊಬ್ಬರು ಆ ಚೀಲದ ಮೇಲೆ ಕೂತರು. ಒಳಗೆ ತಡೆಗುಂಡಿ ಒತ್ತಿಕೊಂಡು, ಮಹಡಿಯ ಆ ತುದಿಯಲ್ಲಿ ನಡೆಯುತ್ತಿದ್ದ ಫೈನಲ್ ಆಟ ಗಕ್ಕನೆ ನಿಂತಿತು. ಆಟ ನಿಲ್ಲಿಸಿದವರಿಗೆ ಆ ಸುತ್ತು ಸೋಲು, ಇದು ನಿಯಮ. ಆಕೆ ಪಂದ್ಯಕ್ಕೆ ಹೆಸರೇ ಕೊಟ್ಟಿರಲಿಲ್ಲ. ಆದರೂ ಹಾಲೊತಿ ಆಕೆಗೆ ಒಂದು ಸುತ್ತಿನ ಸೋಲು ಬರೆದೇ ಬಿಟ್ಟ.

ಇಂಥಲ್ಲಿಗೆ ಒಂದು ಶನಿವಾರ ಫುವಾತಿನೊ ಬಂದಳು. ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಕೈಯಲ್ಲಿ ಚಪ್ಪಟೆ ಪೆಟ್ಟಿಗೆ, ಅದರ ತುಂಬ ಗುಂಡಿಗಳು. ಸ್ಟಿಕ್ಕೇ ಇಲ್ಲ. ಎಡಕ್ಕೆ ಹೋಗಲು ಒಂದು ಗುಂಡಿ, ಬಲಕ್ಕೊಂದು, ಕೂರಲೊಂದು, ನೆಗೆಯಲೊಂದು. ಪೆಸಮಿನೊ ಅದನ್ನು ನೋಡಿ ನಕ್ಕ. ಫುವಾತಿನೊ ಕೂತಳು, ಬೆರಳು ಆಡಿಸಿದಳು, ಪರದೆಯ ಮೇಲಿನ ಪೆಸಮಿನೊನ ಗಟ್ಟಿಗ ಮೂರು ಸಲ ನೆಲ ಕಚ್ಚಿದ. ಚಹಾ ಇನ್ನೂ ಕುಡಿಯುವಷ್ಟು ಆರಿರಲಿಲ್ಲ.

"ಇದು ಹೊಡೆದಾಟ ಅಲ್ಲ, ಭಾನುವಾರದ ಹಾಡು!" ಎಂದ ಪೆಸಮಿನೊ.

"ಹಾಡಲ್ಲೂ ನೀನು ತಾಳ ತಪ್ತೀಯಲ್ಲ ಅಣ್ಣ" ಎಂದಳು ಅವಳು.

"ಹಾಲೊತಿ, ನೋಡು ಇಲ್ಲಿ. ಎಡದ ಗುಂಡಿ, ಬಲದ ಗುಂಡಿ ಎರಡೂ ಒಟ್ಟಿಗೇ ಒತ್ಬೋದು. ಸ್ಟಿಕ್ಕು ಹಿಡ್ದೋನು ಒಂದೇ ಏಟಿಗೆ ಎರಡು ಕಡೆ ಹೋಗೋಕಾಗುತ್ತಾ? ಮೋಸ ಅಲ್ವಾ ಇದು?"

ಹಾಲೊತಿ ಎರಡನ್ನೂ ಒಟ್ಟಿಗೆ ಒತ್ತಿದ. ಪರದೆಯ ಮೇಲಿನ ಗಟ್ಟಿಗ ಅತ್ತಲೂ ಹೋಗಲಿಲ್ಲ, ಇತ್ತಲೂ ಹೋಗಲಿಲ್ಲ, ಅತ್ತೆ-ಸೊಸೆ ನಡುವೆ ಸಿಕ್ಕಿಕೊಂಡ ಗಂಡನ ಹಾಗೆ ಸುಮ್ಮನೆ ನಿಂತ.

"ನಿಂತ್ಕೊಂಡ. ಎಲ್ಲ ದೇಶದಲ್ಲೂ ಇದೇ ನಿಯಮ, ಎರಡೂ ಒತ್ತಿದಾಗ ನಿಂತ್ರೆ ಸರಿ. ಪೆಟ್ಟಿಗೆ ಪಾಸು."

ಪೆಟ್ಟಿಗೆ ಪಾಸಾಯಿತು, ಪೆಸಮಿನೊನ ಹೊಟ್ಟೆಯುರಿ ಪಾಸಾಗಲಿಲ್ಲ. ವರ್ಷದ ಸಭೆಯಲ್ಲಿ ಎದ್ದು ನಿಂತ. ನಮ್ಮಲ್ಲಿ ಊಟಕ್ಕೆ ಮುಂಚೆ ಎದ್ದವನನ್ನು ಕೂರಿಸುವಂತಿಲ್ಲ, ಅವನು ಮುಗಿಸುವವರೆಗೆ ಪಾತ್ರೆಯ ಮುಚ್ಚಳ ತೆಗೆಯುವಂತಿಲ್ಲ. ಅವನು ಪೂರ್ವಿಕರ ದೋಣಿಗಳಿಂದ ಶುರುಮಾಡಿದ. ದೋಣಿಗೆ ಹುಟ್ಟು, ಮುದುಕನಿಗೆ ಊರುಗೋಲು, ಸಭೆಯಲ್ಲಿ ಮಾತಾಡುವವನಿಗೆ ಕೈದಂಡ, ಎಲ್ಲವೂ ನೆಟ್ಟಗೆ ನಿಲ್ಲುವಂಥವು ಎಂದ. ಸಪಸುಯಿ ಶಾವಿಗೆ ಆರಿತು. ಹಂದಿಯ ಮೇಲೆ ಜಿಡ್ಡು ಗಟ್ಟಿಯಾಯಿತು. ಕೊನೆಗೆ "ದಿಕ್ಕು ತೋರಿಸುವ ವಸ್ತು ನೆಟ್ಟಗೆ ನಿಂತಿರತಕ್ಕದ್ದು" ಎಂಬ ನಿಯಮವನ್ನು ಮುಂದಿಟ್ಟಾಗ ಹಸಿದ ಹೊಟ್ಟೆಗಳೆಲ್ಲ ಒಟ್ಟಿಗೇ ಕೈ ಎತ್ತಿದವು. ಪ್ಯಾಡಿನವರು ಗದ್ದಲ ಮಾಡಿದ್ದಕ್ಕೆ "ಪ್ಯಾಡಿಗೆ ಇದು ಅನ್ವಯಿಸುವುದಿಲ್ಲ" ಎಂದೂ ಸೇರಿಸಿದರು. ಅಂದರೆ ಮಾಂಗೆರೆಯ ಇಡೀ ಜನದಲ್ಲಿ ನಿಯಮ ಅನ್ವಯಿಸಿದ್ದು ಒಬ್ಬಳಿಗೆ.

ಫುವಾತಿನೊ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಹೋದಳು. ಆದರೆ ಮುಂದಿನ ಭಾನುವಾರದಿಂದ ಆರ್ಗನ್ನಿನ ಶ್ರುತಿ ಒಂದೊಂದೇ ಮೆಟ್ಟಿಲು ಮೇಲೇರತೊಡಗಿತು. ಗಡಸು ಗಂಟಲಿನ ಪೆಸಮಿನೊ ಕುತ್ತಿಗೆಯ ನರ ಉಬ್ಬಿಸಿಕೊಂಡು ಹಿಂದೆಯೇ ಹತ್ತಿದ. ಕ್ರಿಸ್ಮಸ್ ಹೊತ್ತಿಗೆ ಅವನು ಹಾಡಿದರೆ ಹೊರಗೆ ನಾಯಿಗಳು ಉತ್ತರ ಕೊಡುತ್ತಿದ್ದವು.

ಅಷ್ಟರಲ್ಲಿ ಸಿಡ್ನಿಯಿಂದ ಸುದ್ದಿ ಬಂತು. ಈಸ್ಟರ್ ಪಂದ್ಯಕ್ಕೆ ಅಲ್ಲಿಯ ತಂಡ ಬರುತ್ತದೆ, ತಂಡದಲ್ಲಿ ಕಿಲಿಫಿ ಇದ್ದಾನೆ. ಪೆಸಮಿನೊ ಆ ದಿನ ಊಟ ಮಾಡಲಿಲ್ಲ. ಅವನು ಊಟ ಬಿಟ್ಟ ಇನ್ನೊಂದು ದಿನ ನನಗೆ ನೆನಪಿಲ್ಲ, ಅವನ ಅಪ್ಪ ಸತ್ತಾಗಲೂ ಎರಡು ಸಲ ಬಡಿಸಿಕೊಂಡಿದ್ದ.

ಈಸ್ಟರಿಗೆ ಕೆಲವೇ ವಾರವಿರುವಾಗ ಸಮೋವಾದ ಅಪಿಯಾಕ್ಕೆ ಹೊರಟಿದ್ದ ಯಾರದೋ ಪೆಟ್ಟಿಗೆ ಅವನ ಎಡಗೈ ಮೇಲೆ ಬಿತ್ತು. ಒಳಗೆ ಡಬ್ಬಿ ಮಾಂಸ, ಬರೀ ಡಬ್ಬಿ ಮಾಂಸ. ವಿಮಾನವೇ ಅದನ್ನು ನೋಡಿ ಒಂದು ಕಡೆ ವಾಲಿತ್ತು ಎನ್ನುತ್ತಾರೆ. ಮಣಿಕಟ್ಟು ಮುರಿಯಿತು, ಪಟ್ಟಿ ಬಿತ್ತು. "ಬೆರಳು ಆಡಿಸ್ಬೋದು, ಮಣಿಕಟ್ಟು ತಿರುಗಿಸಂಗಿಲ್ಲ" ಎಂದರು ಡಾಕ್ಟರಮ್ಮ. ಸ್ಟಿಕ್ಕು ಎಂದರೆ ಮಣಿಕಟ್ಟೇ ತಾನೆ? ಪೆಸಮಿನೊ ಮೊಣಕೈಯಲ್ಲಿ ತಿರುಗಿಸಿ ನೋಡಿದ. ಗಲ್ಲದಲ್ಲಿ ನೋಡಿದ. ಕಾಲ್ಬೆರಳಲ್ಲಿ ಹಿಡಿದು ನೋಡಿದ, ಹೆಂಡತಿ ಕಾಲು ತೊಳೆಯಲು ಕಳಿಸಿದಳು. ಪ್ಯಾಡು ಹಿಡಿದರೆ ಅವನ ಹೆಬ್ಬೆರಳು ಒಂದು ಗುಂಡಿ ಒತ್ತಲು ಹೋಗಿ ಮೂರನ್ನು ಒತ್ತುತ್ತಿತ್ತು. ಆ ಮೂರರಲ್ಲಿ ಒಂದು ತಡೆಗುಂಡಿಯೇ ಆಗಿರುತ್ತಿತ್ತು, ಆಟ ನಿಲ್ಲುತ್ತಿತ್ತು, ಸುತ್ತು ಎದುರಾಳಿಗೆ ಹೋಗುತ್ತಿತ್ತು. ಬರೀ ಬೆರಳಲ್ಲಿ ಆಡುವಂಥದ್ದು ಜಗತ್ತಿನಲ್ಲಿ ಒಂದೇ ಇತ್ತು. ಅದನ್ನು ಇವನೇ ನಿಷೇಧಿಸಿದ್ದ.

ಹಾಲೊತಿಯ ಮೇಜಿಗೆ ಹೋದೆವು. ನಾನೂ ಹೋಗಿದ್ದೆ, ಇಂಥ ದೃಶ್ಯ ತಪ್ಪಿಸಿಕೊಳ್ಳಲು ನನಗೇನು ಹುಚ್ಚೆ?

"ಒಂದೇ ಒಂದು ಪಂದ್ಯ ಹಾಲೊತಿ. ಕೈ ಮುರಿದೋನಿಗೆ ಅಂತ ಒಂದು ರಿಯಾಯಿತಿ."

"ನಿಯಮ ಬೋರ್ಡಿನ ಮೇಲಿದೆ. ಯಾರು ಬರೆಸಿದ್ದು?"

"ನಾನೇ."

"ಚೆನ್ನಾಗೇ ಬರೆಸಿದೀಯ, ಎಲ್ಲೂ ಸಂದಿ ಇಲ್ಲ. ನೋಡು, ಇದ್ರಿಂದ ಹೊರಬಿದ್ದೋಳು ಫುವಾತಿನೊ ಒಬ್ಬಳೇ. ಅವಳು ಬಂದು ಸಭೆ ಕರೀರಿ ಅಂದ್ರೆ ಕರೀತೀನಿ. ನೀನಂದ್ರೆ ಕರೆಯಲ್ಲ. ನೀನು ಎದ್ರೆ ನಮಗೆ ಊಟ ತಣ್ಣಗಾಗುತ್ತೆ."

ಹಾಗಾಗಿ ಫುವಾತಿನೊಳ ಮುಂದೆ ಇಫೊಂಗ, ಅಂದರೆ ನಮ್ಮವರು ಕ್ಷಮೆ ಕೇಳುವ ಶಾಸ್ತ್ರ, ಮಾಡುವುದು ಎಂದು ತೀರ್ಮಾನವಾಯಿತು. ಕೊಲೆ ಮಾಡಿದವನು, ಹೆಣ್ಣು ಕದ್ದವನು ಬೆಳಗಾಗುವ ಮೊದಲೇ ನೊಂದವರ ಮನೆ ಮುಂದೆ ಮಂಡಿಯೂರಿ, ತಲೆ ಮೇಲೆ ಹೆಣೆದ ಚಾಪೆ ಹೊದ್ದು ಕೂರುತ್ತಾನೆ. ಮನೆಯವರು ಬಂದು ಚಾಪೆ ತೆಗೆದರೆ ಕ್ಷಮೆ ಸಿಕ್ಕಿತು. ತೆಗೆಯದಿದ್ದರೆ, ಹಳೆಯ ಕಾಲದಲ್ಲಿ ಕೊಡಲಿ. ಗುಂಡಿಗಳ ವಿಷಯಕ್ಕೆ ಅದನ್ನು ಮಾಡಿದವನು ಪೆಸಮಿನೊ ಒಬ್ಬನೇ ಇರಬೇಕು.

ಹೆಂಡತಿ ಪೆಟಾರಿಯ ಮೇಲೆ ಕೂತುಬಿಟ್ಟಳು. "ಅದು ನಮ್ಮಮ್ಮ ಹೆಣೆದ ಚಾಪೆ. ಮದುವೆಗೆ, ಸಾವಿಗೆ ತೆಗೆಯೋದು. ನೀನೀಗ ಯಾರನ್ನ ಕೊಂದೆ?"

"ಯಾರನ್ನೂ ಇಲ್ವೇ. ಒಂದು ಪೆಟ್ಟಿಗೇನ."

ಕೊನೆಗೆ ಕೊಟ್ಟಳು. ಗಂಡ ಮಂಡಿಯೂರುವುದನ್ನು ನೋಡುವ ಭಾಗ್ಯ ದಿನಾ ಸಿಗುವುದಿಲ್ಲವಲ್ಲ.

ಒಬ್ಬನೇ ಹೋದರೆ ಅದಕ್ಕೆ ತೂಕವಿಲ್ಲವೆಂದು ನನ್ನನ್ನೂ ಚಾಪೆಯೊಳಗೆ ಎಳೆದುಕೊಂಡ. ಫುವಾತಿನೊಳ ಮನೆ ಮುಂದಿನ ಹುಲ್ಲಿನ ಮೇಲೆ ಇಬ್ಬರು ಮುದುಕರು, ಇಬ್ಬನಿಯಲ್ಲಿ ನೆನೆದ ನಾಲ್ಕು ಮಂಡಿ.

"ಅಣ್ಣಾ, ಎದ್ದಿದಾಳಾ?" ಎಂದು ಪೆಸಮಿನೊ ನನ್ನನ್ನು ಕೇಳಿದ.

"ಚಾಪೆ ಒಳಗಿಂದ ನಂಗೇನು ಕಾಣುತ್ತೋ?"

"ಕೊಕೊ ವಾಸನೆ ಬರ್ತಿದೆ."

"ಹಾಗಾದ್ರೆ ಎದ್ದಿದಾಳೆ. ನಮಗೂ ಒಂದು ಲೋಟ ಬರುತ್ತೆ ಅಂತ ಮಾತ್ರ ತಿಳ್ಕೋಬೇಡ."

ಕೊರಿಯರಿನವನು ಬಂದ. ನಮ್ಮನ್ನು ಏನೆಂದುಕೊಂಡನೋ, ಪಾರ್ಸೆಲನ್ನು ಪೆಸಮಿನೊನ ಬೆನ್ನ ಮೇಲೆ ಇಟ್ಟು ಹೋದ. ಬಿಸಿಲು ಏರಿತು. ಆಮೇಲೆ ಬಾಗಿಲು ತೆರೆದ ಸದ್ದು.

"ಯಾರು ಸತ್ರು?" ಫುವಾತಿನೊಳ ದನಿ.

ಪೆಸಮಿನೊ ಗಂಟಲು ಸರಿಮಾಡಿಕೊಂಡ. "ಹತ್ತು ಆಕಾಶಗಳ ಆಚೆಯಿಂದ, ನಮ್ಮ ಪೂರ್ವಿಕರ ದೋಣಿಗಳು..."

"ದೋಣಿ ಬೇಡ ಅಣ್ಣ. ಚಿಕ್ಕದಾಗಿ ಹೇಳು, ಸ್ನಾನಕ್ಕೆ ನೀರು ಬಿಟ್ಟಿದೀನಿ."

"ನಿನ್ನ ಪೆಟ್ಟಿಗೆ ತಪ್ಪು ಅಂದಿದ್ದು ತಪ್ಪು."

"ಯಾಕೆ ತಪ್ಪು?"

ಬೆನ್ನ ಮೇಲಿನ ಪಾರ್ಸೆಲ್ ಜಾರದಂತೆ ಪೆಸಮಿನೊ ಮಂಡಿ ಸರಿಸಿದ. "ಯಾಕಂದ್ರೆ... ಈಗ ಅದು ನಂಗೆ ಬೇಕು."

ಇಷ್ಟು ಪ್ರಾಮಾಣಿಕವಾದ ಕ್ಷಮಾಪಣೆಯನ್ನು ನಾನು ಚರ್ಚಿನಲ್ಲೂ ಕೇಳಿಲ್ಲ. ಫುವಾತಿನೊ ಒಳಗೆ ಹೋದಳು. ಸ್ನಾನ ಮಾಡಿದಳು. ತಿಂಡಿ ತಿಂದಳು. ಪಾತ್ರೆ ತೊಳೆದದ್ದೂ ಕೇಳಿಸಿತು. ಆಮೇಲೆ ಹೊರಗೆ ಬಂದು ಮೊದಲು ಪಾರ್ಸೆಲ್ ತೆಗೆದುಕೊಂಡಳು, ಅನಂತರ ಚಾಪೆ ತೆಗೆದಳು.

"ಏಳು. ಮಂಡಿ ಹಿಡ್ಕೊಂಡ್ರೆ ಅದಕ್ಕೂ ಒಂದು ನಿಯಮ ಮಾಡ್ತೀಯ. ಅಜ್ಜ, ನೀವ್ಯಾಕೆ ಕೂತ್ರಿ, ನಿಮ್ಮದೇನು ತಪ್ಪು?"

"ಇವನ ಸ್ನೇಹಿತ ಆಗಿದ್ದು ಕಣಮ್ಮ" ಎಂದೆ.

"ಸರಿ, ಸಭೆ ಕರೀರಿ ಅಂತೀನಿ. ಆದ್ರೆ ನಿಂಗೊಬ್ಬನಿಗೆ ರಿಯಾಯಿತಿ ಅಂತ ಕೇಳಂಗಿಲ್ಲ ಅಣ್ಣ. ನಿಯಮ ಪೂರ್ತಿ ಅಳಿಸ್ಬೇಕು. ಅದೂ ನಿನ್ನ ಬಾಯಿಂದ್ಲೇ ಬರ್ಬೇಕು."

ಬಂತು. ದೇವರು ತೋಳಿಗೊಂದು ಮಣಿಕಟ್ಟು ಕೊಟ್ಟ, ಬೆರಳು ಐದು ಕೊಟ್ಟ, ಯಾವುದರ ಮೇಲೆ ಅವನಿಗೆ ಹೆಚ್ಚು ಪ್ರೀತಿ ಅಂತ ನೀವೇ ಲೆಕ್ಕ ಹಾಕಿ ಎಂದ. ಈ ಸಲ ಜನ ಬುದ್ಧಿವಂತರಾಗಿದ್ದರು, ಮನೆಯಿಂದಲೇ ತಿಂದು ಬಂದಿದ್ದರು. ಹಾಲೊತಿ ಬೋರ್ಡು ಒರೆಸಿದ. ಫುವಾತಿನೊ ತನ್ನ ಹಳೆಯ ಪೆಟ್ಟಿಗೆಯೊಂದನ್ನು ಪೆಸಮಿನೊಗೆ ಕೊಟ್ಟಳು. ಸಂಜೆ ಸಂಜೆ ಕೂರಿಸಿಕೊಂಡು ಕಲಿಸಿದಳು, ಮಧ್ಯೆ ಮಧ್ಯೆ ಬೆರಳಿನ ಮೇಲೆ ಚಮಚದಿಂದ ಹೊಡೆದಳು.

ಈಸ್ಟರ್ ಶನಿವಾರ ಸಿಡ್ನಿಯವರು ಬಂದರು. ಕಿಲಿಫಿಯ ಹೊಟ್ಟೆ ಮೊದಲು ಬಂತು, ಹಿಂದೆ ಕಿಲಿಫಿ. ಇಬ್ಬರೂ ನಮ್ಮ ರೂಢಿಯಂತೆ ಮೂಗಿಗೆ ಮೂಗು ತಾಗಿಸಿದರು, ಅತ್ತರು, ಒಬ್ಬರ ಬೋಳುತಲೆಯನ್ನು ಒಬ್ಬರು ಹಂಗಿಸಿದರು. ಕಿಲಿಫಿ ಚೀಲ ತೆರೆದು ಹಾಲೊತಿಯ ಮೇಜಿನ ಮೇಲೆ ಇಟ್ಟದ್ದೇನು? ಗುಂಡಿಗಳ ಪೆಟ್ಟಿಗೆ.

"ಗೋದಾಮಿನ ಕೆಲಸ, ಮಣಿಕಟ್ಟು ಎರಡೂ ಹೋದ್ವು" ಎಂದ ಕಿಲಿಫಿ. "ನಿಮ್ಮಲ್ಲಿ ಇದಕ್ಕೆ ನಿಷೇಧ ಇದೆ ಅಂತ ಯಾರೋ ಅಂದ್ರು. ಟಿಕೆಟ್ಟೇ ತೆಗೀಬಾರ್ದು ಅಂತಿದ್ದೆ, ಆಮೇಲೆ ಅಳಿಸಿದಾರೆ ಅಂತ ಗೊತ್ತಾಯ್ತು. ಯಾವ ಮುಠ್ಠಾಳ ಮಾಡಿದ್ದು ಅಂಥ ನಿಯಮ?"

ಹಾಲೊತಿ ತಂತಿ ಪರೀಕ್ಷಿಸಿದ. ನಾನು ಚಾವಣಿ ನೋಡಿದೆ. ಪೆಸಮಿನೊ ತನ್ನ ಪಟ್ಟಿ ನೋಡಿಕೊಂಡ.

"ಅವನು ಹೋಗ್ಬಿಟ್ಟ" ಎಂದಳು ಫುವಾತಿನೊ. "ಮೊನ್ನೆ ನಮ್ಮನೆ ಮುಂದೇನೇ ಚಾಪೆ ಹೊದಿಸಿದ್ವಿ."

"ಒಳ್ಳೇದಾಯ್ತು" ಎಂದ ಕಿಲಿಫಿ.

ಕೂತರು. ಮೂವತ್ತು ವರ್ಷದ ಆಟ. ಮಹಡಿಯಲ್ಲಿ ಜಗಿಯುವ ಸದ್ದೂ ನಿಂತಿತು. ಮೊದಲ ಸುತ್ತು ಕಿಲಿಫಿ ಗೆದ್ದ, ಎರಡನೆಯದು ಪೆಸಮಿನೊ. ಕೊನೆಯ ಸುತ್ತಿನಲ್ಲಿ ಇಬ್ಬರ ಗಟ್ಟಿಗರಿಗೂ ಒಂದು ಏಟಿನಷ್ಟು ಪ್ರಾಣ ಉಳಿದಿತ್ತು. ಕಿಲಿಫಿ ನೆಗೆದ. ಆ ನೆಗೆತವನ್ನು ಪೆಸಮಿನೊ ಕನಸಿನಲ್ಲಿ ಸಾವಿರ ಸಲ ಹೊಡೆದು ಬೀಳಿಸಿದ್ದ. ಈಗಲೂ ಎಡಗೈ ತಾನೇ ತಾನಾಗಿ ಎದ್ದಿತು. ಪೆಟ್ಟಿಗೆಯ ಮೇಲೆ ಒಂದು ಗೇಣು ಎತ್ತರದಲ್ಲಿ, ಸ್ಟಿಕ್ಕಿನ ತಲೆ ಇರಬೇಕಾದ ಕಡೆ ಮುಷ್ಟಿ ಬಿಗಿಯಿತು. ಅಲ್ಲಿ ಇದ್ದದ್ದು ಗಾಳಿ. ಅಷ್ಟರಲ್ಲಿ ಕಿಲಿಫಿಯ ಕಾಲು ಬಂದು ಬಡಿಯಿತು.

ಪೆಸಮಿನೊ ಮುಷ್ಟಿಯನ್ನು ಅಲ್ಲೇ ಹಿಡಿದುಕೊಂಡು ಕೂತಿದ್ದ. ಬಿಡಿಸುವುದು ಮರೆತುಹೋದಂತಿತ್ತು. ಕಿಲಿಫಿ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡ.

"ನಂಗೂ ಹೀಗೇ ಆಗ್ತಿತ್ತು ಕಣೋ, ಶುರುವಲ್ಲಿ."

"ಯಾವಾಗ ಬಿಟ್ಟೋಯ್ತು?"

"ಬಿಟ್ಟಿಲ್ಲ. ಈಗ್ಲೂ ಎರಡು ಸಲ ಗಾಳಿ ಹಿಡ್ದೆ. ನೀನು ಪರದೆ ನೋಡ್ತಿದ್ದೆ."