ಮುಳ್ಳು ಕಿತ್ತವರ ಮೈದಾನ

ನಮ್ಮ ಕಾಲೇಜಿನ ಫುಟ್‌ಬಾಲ್ ಮೈದಾನಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವಂತಿರಲಿಲ್ಲ. ಗೆರೆಯ ಆಚೆ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಹೋಗಬೇಕು. ಹುಡುಗರೆಲ್ಲ ಬರಿಗಾಲಲ್ಲೇ ಆಡುತ್ತಿದ್ದರು. ಬೂಟು ಹಾಕಿ ಬರುತ್ತಿದ್ದವರು ಭಟ್ಕಳದ ತಂಡದವರು ಮಾತ್ರ. ಅವರನ್ನು ಸೋಲಿಸಿದ ಕಥೆಯನ್ನು ನಮ್ಮವರು ಇವತ್ತಿಗೂ ಹೇಳಿ ಮುಗಿಸಿಲ್ಲ.

ಆ ಕಥೆಯಲ್ಲಿ ಬಾರದ ಸಂಪ್ರದಾಯ ಇನ್ನೊಂದಿತ್ತು. ಮಳೆಗಾಲ ಮುಗಿಯುವಾಗ ಮೈದಾನದ ತುಂಬ ನಾಚಿಕೆ ಮುಳ್ಳು ಹಬ್ಬಿರುತ್ತಿತ್ತು. ಹುಡುಗರ ಕಾಲಿಗೆ ಚುಚ್ಚಬಾರದಲ್ಲ, ಅದಕ್ಕೆ ಶನಿವಾರ ಶನಿವಾರ ಹುಡುಗಿಯರು ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತು ಅದನ್ನು ಬೇರುಸಹಿತ ಕೀಳಬೇಕು. ಹಳದೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಮೂರು ವರ್ಷ ಕಿತ್ತೆ. ಸೋಮವಾರ ಪೆನ್ನು ಹಿಡಿದರೂ ಬೆರಳು ಉರಿಯುತ್ತಿತ್ತು.

ನನಗೋ ಆಡುವ ಹುಚ್ಚು. ಗೆರೆ ದಾಟಿ ಬಂದ ಚೆಂಡನ್ನು ಒದ್ದು ವಾಪಸು ಕಳಿಸುವುದಕ್ಕಾಗಿಯೇ ಅಂಚಿನಲ್ಲಿ ನಿಲ್ಲುತ್ತಿದ್ದೆ. ಮೊದಲ ವರ್ಷವೇ ಧೈರ್ಯ ಮಾಡಿ ಪಿ.ಟಿ. ಸರ್ ಹತ್ತಿರ ಹೋಗಿ, ಮುಳ್ಳು ಕಿತ್ತಾದ ಮೇಲೆ ನಮಗೂ ಅರ್ಧ ಗಂಟೆ ಚೆಂಡು ಕೊಡಿ ಎಂದೆ.

“ಅದೆಲ್ಲ ಮುಂದಿನ ವರ್ಷ ನೋಡ್ವ. ಈಗ ಆ ಗೋಲಿನ ಬದಿ ಮುಳ್ಳು ಹಾಗೇ ಉಳ್ದಿದೆ, ಅದ್ನ ಮುಗ್ಸಿ,” ಎಂದರು.

ಮರುವರ್ಷ ಕೇಳಿದೆ, ಅದೇ ಉತ್ತರ. ಮೂರನೆಯ ವರ್ಷವೂ ಅದೇ. ಆಮೇಲೆ ನನಗೆ ಮುಂದಿನ ವರ್ಷವೇ ಇರಲಿಲ್ಲ.

ಮೊನ್ನೆ ಮೈದಾನದ ಸುವರ್ಣ ಮಹೋತ್ಸವ. ಹೊಸ ಗ್ಯಾಲರಿ, ಶಾಮಿಯಾನ, ಶಾಲು, ಭಾಷಣ. ಗೋಡೆಗೆ ಹಾಕಿದ ಹಳೆಯ ಫೋಟೋಗಳಲ್ಲಿ ಟ್ರೋಫಿ ಹಿಡಿದವರ ಮುಖಗಳೆಲ್ಲ ಸ್ಪಷ್ಟವಾಗಿದ್ದವು. ಒಂದರಲ್ಲಿ ನಾವೂ ಇದ್ದೆವು: ಬಗ್ಗಿದ ಬೆನ್ನುಗಳು, ಜಡೆಗಳು. ಕೆಳಗೆ ‘ಶ್ರಮದಾನ’ ಎಂದು ಬರೆದಿದ್ದರು. ದಾನವಂತೆ! ಕೊಡುತ್ತೀರಾ ಎಂದು ನಮ್ಮನ್ನು ಕೇಳಿದವರು ಯಾರು? ಅದರಲ್ಲಿ ನನ್ನ ಬೆನ್ನು ಯಾವುದೆಂದು ನನಗೇ ಗೊತ್ತಾಗಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಹಳೆಯ ವಿದ್ಯಾರ್ಥಿಗಳೆಲ್ಲ ಫೋಟೋ ತೆಗೆಸಿಕೊಳ್ಳಲು ಮೈದಾನದ ನಡುವೆ ಬರಬೇಕೆಂದು ಮೈಕಿನಲ್ಲಿ ಕರೆದರು. ಗೆರೆಯ ಬಳಿ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೆ. ಈಗಿನ ಪಿ.ಟಿ. ಸರ್ ಓಡಿ ಬಂದರು.

“ಮೇಡಂ, ಚಪ್ಪಲಿ ಹಾಕ್ಕಳಿ. ಒಳಗೆಲ್ಲ ಮುಳ್ಳು. ಹುಡುಗ್ರಿಗೆ ಈಗ ಬೂಟು ಇದ್ಯಲ್ಲ, ಹಾಗಾಗಿ ಯಾರೂ ಕೀಳೂದಿಲ್ಲ.”

“ಹುಡುಗೀರು ಆಡೂದಿಲ್ವಾ?” ಎಂದೆ.

“ಹುಡುಗೀರ ಟೀಮಾ? ಕೇಳ್ತಾ ಇದ್ರು. ಮುಂದಿನ ವರ್ಷ ನೋಡ್ವ.”

ಚಪ್ಪಲಿ ಹಾಕಿಕೊಂಡೆ. ನೆಲ ಮುಟ್ಟಲಿಲ್ಲ. ಮುಳ್ಳನ್ನು ತುಳಿಯುತ್ತ ನಡುವಿನವರೆಗೂ ನಡೆದು, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ನಿಂತೆ. ಈ ಸಲವಾದರೂ ಮುಖ ಕಾಣಲಿ.