ನಲವತ್ತು ಕಳ್ಳರು ಮತ್ತು ಒಂದು ಗಂಟಲು

ವಾರದ ದಿನಗಳಲ್ಲಿ ನಾನು ರಾಮನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಭಾನುವಾರ ಮಧ್ಯಾಹ್ನ ಮಾತ್ರ ದರೋಡೆಕೋರ. ಒಬ್ಬನಲ್ಲ, ನಲವತ್ತು ಜನ ದರೋಡೆಕೋರರೂ ನಾನೇ. ನೀವು ಗಾಬರಿಯಾಗುವ ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ಇದು ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ತಮಗೆ ತೋಚಿದ್ದನ್ನು ಮಾಡುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ಹೇಳುವವನಿಗೆ ಸ್ವಂತ ಪಾತ್ರವಿಲ್ಲ, ಶತ್ರುಗಳೆಲ್ಲ ಅವನ ಪಾಲಿಗೆ. ಎಲ್ಲರೂ ಮೊದಲಿನಿಂದ ನನ್ನನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದುದರಿಂದ ಆ ಪಾಲು ತಾನಾಗಿ ನನ್ನ ತಲೆಗೆ ಬಂತು.

ಆಡುವುದು ಚನ್ನಪಟ್ಟಣದಲ್ಲಿ, ನಯಾಜ್‌ನ ಗೊಂಬೆ ಅಂಗಡಿಯ ಮಹಡಿಯ ಮೇಲೆ. ತಲೆ ಓರೆಯಾದ, ಬಣ್ಣ ಸರಿಯಾಗಿ ಹತ್ತದ ಮರದ ಗೊಂಬೆಗಳೇ ನಮ್ಮ ಕಳ್ಳರು. ಅಂಥ ಮುಖ ಹೊತ್ತು ಅವರು ಬೇರೆ ಯಾವ ಕಸುಬು ತಾನೇ ಮಾಡಿಯಾರು! ಕಥೆಯಲ್ಲಿ ನಯಾಜ್ ಮಂತ್ರವಾದಿ. ಕನಕಪುರದ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ಸವಿತಾ ಬಿಲ್ಲುಗಾರ್ತಿ. ಅಕ್ಕೂರಿನಲ್ಲಿ ರೇಷ್ಮೆ ಹುಳ ಸಾಕುವ ಶಿವು, ಕೊಡಲಿ ಹಿಡಿದ ಕುರುಬ ಬೈರ. ಆಟ ಶುರುವಾದಂದಿನಿಂದ ಬೈರ ಸತ್ತಿಲ್ಲ. ಶಿವು ಅವನ ಸುದ್ದಿಯನ್ನು ಒಡಹುಟ್ಟಿದವನ ಸುದ್ದಿಯಂತೆ ಹೇಳುತ್ತಾನೆ.

ಒಂದು ಭಾನುವಾರ ಶುರುವಾದ ಕಥೆ ಸಾವನದುರ್ಗದಂಥ ಒಂದು ಬಂಡೆಯ ಮೇಲಿನ ಹಳ್ಳಿಯದು. ಕಳ್ಳರ ದಂಡು ಹಳ್ಳಿಗೆ ನುಗ್ಗುತ್ತದೆ. ಜನ ಹಿಂದಿನ ಕಾಲುದಾರಿಯಲ್ಲಿ ಇಳಿದು ಪಾರಾಗುವ ತನಕ ಈ ಮೂವರು ಊರಬಾಗಿಲು ಕಾಯಬೇಕು. ನಾನು ಶಿಸ್ತಿನ ಮನುಷ್ಯ. ಪ್ರತಿಯೊಬ್ಬ ಕಳ್ಳನಿಗೂ ಬೇರೆ ಬೇರೆಯಾಗಿ ದಾಳ ಹಾಕಿದೆ. ಒಬ್ಬ ಕತ್ತಿ ಬೀಸಿದ, ತಪ್ಪಿತು. ಇನ್ನೊಬ್ಬ ಬೀಸಿದ, ಅದೂ ತಪ್ಪಿತು. ನಯಾಜ್ ಎದ್ದುಹೋಗಿ ನಮಾಜ್ ಮುಗಿಸಿ ಬಂದು, “ಇನ್ನೂ ನನ್ನ ಸರದಿ ಬಂದಿಲ್ವಾ ಮೇಷ್ಟ್ರೇ?” ಎಂದ. ಸವಿತಾ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಶಿವು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಬೇಜಾರ್ ಮಾಡ್ಕಬೇಡಿ ಮೇಷ್ಟ್ರೇ. ಹುಳಕ್ಕೆ ಸೊಪ್ಪು ಹಾಕ್ಬೇಕು. ಮುಂದಿನ ವಾರದಿಂದ ನಾನ್ ಬರಾಕಿಲ್ಲ.”

ಹುಳ ಬರೀ ನೆಪ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ವಾರ ಪೂರ್ತಿ ನನಗೆ ಮಂಕು ಬಡಿದಿತ್ತು. ಅವನಿಲ್ಲದೆ ಆಟ ನಡೆಯುತ್ತಿರಲಿಲ್ಲ. ಆಟವಿಲ್ಲದೆ ನಾವು ನಾಲ್ವರು ಸೇರುವುದಕ್ಕೂ ಬೇರೆ ಕಾರಣವಿರಲಿಲ್ಲ. ಆಗ ನಮ್ಮ ಕಡೆಯ ಪೌರಾಣಿಕ ನಾಟಕಗಳ ನೆನಪಾಯಿತು. ಅಲ್ಲಿ ಮಹಾಸೈನ್ಯವೆಂದರೆ ಈಟಿ ಹಿಡಿದ ಇಬ್ಬರು. ಅವರೇ ಪರದೆಯ ಹಿಂದೆ ಸುತ್ತಿ ಸುತ್ತಿ ಬರುತ್ತಾರೆ. ನೋಡುವವರು ಯಾರೂ ಲೆಕ್ಕ ಕೇಳುವುದಿಲ್ಲ. ಸರಿ, ನಾನೂ ಹತ್ತತ್ತು ಕಳ್ಳರನ್ನು ಒಂದೊಂದು ತಟ್ಟೆಗೆ ತುಂಬಿದೆ. ತಟ್ಟೆಗೊಂದು ದಾಳ, ಹತ್ತು ಜನರಿಗೂ ಒಂದೇ ಏಟು, ಒಂದೇ ಗತಿ. ಶಿವುಗೆ ಫೋನ್ ಮಾಡಿ, “ಇದೊಂದು ವಾರ ಬಾರಪ್ಪ” ಎಂದು ಬೇಡಿಕೊಂಡೆ. “ನೋಡವ” ಎಂದ, ಬಂದ.

ಆಟ ಹೊಳೆಯಂತೆ ಓಡಿತು. ತಟ್ಟೆ ಮುಂದಕ್ಕೆ ತಳ್ಳಿದರೆ ನಿಜಕ್ಕೂ ದಂಡೇ ನುಗ್ಗಿದಂತೆ ಕಾಣುತ್ತಿತ್ತು. ಸವಿತಾಳ ಬಾಣಗಳು ತೀರಿದವು, ನಯಾಜ್‌ನ ಮಂತ್ರವೂ ಮುಗಿಯಿತು. ಅರ್ಧ ಕಳ್ಳರು ಉರುಳಿದ್ದರು, ಆದರೆ ಬಾಗಿಲಲ್ಲಿ ನಿಂತಿದ್ದವನು ಬೈರ ಒಬ್ಬನೇ. ಇನ್ನೊಂದು ಏಟು ಬಿದ್ದರೆ ಸಾಯುತ್ತಾನೆ. ನಮ್ಮ ಆಟದಲ್ಲಿ ಸತ್ತವರು ಎದ್ದು ಬರುವಂತಿಲ್ಲ. ಮುಂದಿನ ದಾಳವನ್ನು ಅಂಗೈಯಲ್ಲಿ ಮರೆಮಾಡಿ ಹಾಕಿ, ಏಟು ತಪ್ಪಿತು ಎಂದುಬಿಡೋಣವೇ ಎಂದು ಯೋಚಿಸುತ್ತಿದ್ದೆ. ಶಿವುಗೆ ಅದು ತಿಳಿದುಹೋಯಿತು.

“ಎಲ್ರಿಗೂ ಕಾಣಂಗೇ ಹಾಕಿ ಮೇಷ್ಟ್ರೇ. ಸತ್ರೆ ಸಾಯ್ಲಿ. ಆದ್ರೆ ಈಗ ಸರದಿ ನಂದು.”

ಕೊಡಲಿ ಬೀಸುತ್ತಾನೆ ಎಂದುಕೊಂಡೆವು. ಅವನು ತಟ್ಟೆಯ ಮುಂದಿನ ಸಾಲಿನಿಂದ ಒಂದು ಗೊಂಬೆ ಎತ್ತಿಕೊಂಡು, “ಇವ್ನ ಹೆಸ್ರೇನು?” ಎಂದ.

“ಹೆಸರಿಲ್ಲ ಶಿವು. ಅದು ಗುಂಪು.”

“ಗುಂಪಿಗೆ ಇಲ್ದಿದ್ರೆ ಇರ್ಲಿ, ಇವ್ನಿಗೆ ಅವ್ವ ಅನ್ನೋಳು ಇರ್ತಾಳಲ್ವಾ?” ಎಂದವನೇ ದನಿ ಬದಲಿಸಿ, ಬೈರನಾಗಿ, ಆ ಗೊಂಬೆಗೇ ಹೇಳಿದ: “ಲೇ, ಕೊಡ್ಲಿ ಕೆಳಗಿಟ್ಟಿವ್ನಿ ನೋಡ್ಲಾ. ನಿನ್ ಹೆಸ್ರೇನ್ಲಾ? ಹೊಟ್ಟೆಗೆ ಏನಾರಾ ತಿಂದಿದ್ದೀಯೇನ್ಲಾ?”

ಎಲ್ಲರೂ ನನ್ನ ಮುಖ ನೋಡಿದರು. ಕಳ್ಳ ನಾನೇ ತಾನೆ, ಉತ್ತರ ಕೊಡಬೇಕು. “ಕೆಂಪ” ಎಂದೆ. “ಮೊನ್ನೆ ತಿಂದಿದ್ದು ಕಣಣ್ಣ.”

ಆದರೂ ದಾಳವನ್ನು ಕೇಳದೆ ಬಿಡುವಂತಿಲ್ಲ. ಬೈರನ ಮಾತಿಗೆ ದಂಡು ಕಿವಿಗೊಡಬೇಕಾದರೆ ತುಂಬಾ ದೊಡ್ಡ ಅಂಕಿಯೇ ಬೀಳಬೇಕೆಂದೆ. ಶಿವು ಮೇಜಿನ ನಡುವೆಯೇ ಹಾಕಿದ. ಬಿತ್ತು! ಸವಿತಾ ಹಾಕಿದ ಕೂಗಿಗೆ ಕೆಳಗೆ ಗೊಂಬೆ ಆರಿಸುತ್ತಿದ್ದ ಗಿರಾಕಿಗಳು ಮೆಟ್ಟಿಲು ಹತ್ತಿ ಬಂದು ಇಣುಕಿದರು. ಕಳ್ಳರು ಕತ್ತಿ ಕೆಳಗಿಟ್ಟಿದ್ದರು. ಶಿವು ಟವಲ್ಲಿನಿಂದ ಮುಖ ಒರೆಸಿಕೊಂಡ. ಸೆಕೆಯ ಬೆವರಿರಬೇಕು ಎಂದು ನಾವೂ ನಂಬಿದಂತೆ ಮಾಡಿದೆವು.

ಮೊದಲು ಚೇತರಿಸಿಕೊಂಡವಳು ಸವಿತಾ. “ಆಯ್ತಪ್ಪ, ಈಗ ಇವ್ರಿಗೆಲ್ಲಾ ಹಿಟ್ಟು ತಿರುವಿ ಮುದ್ದೆ ಕಟ್ಟೋರು ಯಾರು?”

ಆ ಪ್ರಶ್ನೆಯಲ್ಲೇ ನಮ್ಮ ಆಟ ಇಂದಿಗೂ ನಡೆಯುತ್ತಿದೆ. ಕಳ್ಳರು ಬಂಡೆಯ ಬುಡದಲ್ಲಿ ರಾಗಿ ಬಿತ್ತಿದ್ದಾರೆ. ಕೆಂಪನಿಗೆ ಹೆಣ್ಣು ನೋಡುವುದರಲ್ಲೇ ಒಂದು ಭಾನುವಾರ ಕಳೆಯಿತು. ಹುಡುಗಿಯ ಅಪ್ಪನೂ ನಾನೇ, ಕೆಂಪನೂ ನಾನೇ. ಕಳೆದ ವಾರ ಇಬ್ಬರು ಕಳ್ಳರಿಗೆ ಬೇಲಿಯ ವಿಷಯಕ್ಕೆ ಜಗಳ ಹತ್ತಿ, ಎರಡೂ ಕಡೆಯ ಬೈಗುಳ ನಾನೇ ಬೈದುಕೊಂಡೆ. ತಟ್ಟೆಗೆ ತುಂಬೋಣವೆಂದರೆ ಶಿವು ಬಿಡುವುದಿಲ್ಲ. ಹೊಡೆಯಲು ಬಂದಾಗ ಹತ್ತು ಜನಕ್ಕೆ ಒಂದು ದಾಳ ಸಾಕಾಗಿತ್ತು. ಬದುಕಲು ನಿಂತ ಮೇಲೆ ಒಬ್ಬೊಬ್ಬನಿಗೂ ಒಂದೊಂದು ದನಿ ಬೇಕು. ನನಗಿರುವುದು ಒಂದೇ ಗಂಟಲು. ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ನಾನು ಮಾತಿಲ್ಲದೆ ಬರೀ ಬೋರ್ಡಿನ ಮೇಲೆ ಬರೆಯುತ್ತೇನೆ. ಪಾಠ ಈಗ ಎಷ್ಟೋ ಚೆನ್ನಾಗಿ ಅರ್ಥವಾಗುತ್ತಿದೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ.