ಸಂಜೆ ಲೈವ್‌ಗೆ ಒಬ್ಬರೇ ಗಿರಾಕಿ

ಸಂಜೆ ಆರು ಗಂಟೆಗೆ ಸರಿಯಾಗಿ ನಾನು ಖುಷಿಯಾಗಬೇಕು. ಅದು ನನ್ನ ನೌಕರಿಯ ಶರತ್ತು. ಬೆಳಗ್ಗೆಯಿಂದ ತಲೆ ಎಷ್ಟೇ ಕೆಟ್ಟಿರಲಿ, ಮಧ್ಯಾಹ್ನದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟಿರಲಿ, ಆರಕ್ಕೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಲೈಟು ಹಚ್ಚಿ, ಹಲ್ಲು ಕಾಣುವ ಹಾಗೆ ನಕ್ಕು "ನಮಸ್ಕಾರ ಮಂಡಳೀ!" ಎಂದು ಕೂಗಬೇಕು. ಆಮೇಲೆ ಅರ್ಧ ಗಂಟೆ ಚಾದರ, ಟವೆಲ್ಲು, ದಿಂಬಿನ ಗವಸುಗಳ ಬಗ್ಗೆ ಇದಕ್ಕಿಂತ ದೊಡ್ಡ ಸುದ್ದಿ ಜಗತ್ತಿನಲ್ಲೇ ಇಲ್ಲ ಎನ್ನುವಂತೆ ಮಾತಾಡಬೇಕು. ಸೊಲ್ಲಾಪುರದ ಒಂದು ಚಾದರದ ಶೋರೂಮಿನಲ್ಲಿ ನಾನು ಮಾರ್ಕೆಟಿಂಗ್ ವಿಭಾಗ. ವಿಭಾಗದಲ್ಲಿ ಇರುವುದು ನಾನೊಬ್ಬನೇ.

ಇದು ಎಂಥ ಕೆಲಸ ಎಂದು ನಾಗಣಸೂರಿನಲ್ಲಿರುವ ನಮ್ಮ ಕಾಕಾನಿಗೆ ಇನ್ನೂ ತಿಳಿಸಲು ಆಗಿಲ್ಲ. ಹೋದಾಗಲೆಲ್ಲ ಕೇಳುತ್ತಾನೆ.

"ಏನ್ ಕೆಲಸಪಾ ನಿಂದು?"

"ಚಾದರ ಮಾರೂದು."

"ಅಂಗಡ್ಯಾಗ?"

"ಅಂಗಡ್ಯಾಗ ಅಲ್ಲ, ಫೋನಿನ್ಯಾಗ."

ಕಾಕಾ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಪಗಾರರೆ ಖರೇನ ಕೊಡ್ತಾರಿಲ್ಲೋ?" ಎನ್ನುತ್ತಾನೆ. ಕೊಡುತ್ತಾರೆ ಎಂದರೆ ಅವನಿಗೆ ಮಾಲಕರ ಬಗ್ಗೆಯೇ ಮರುಕ ಹುಟ್ಟುತ್ತದೆ.

ನಮ್ಮ ಅಂಗಡಿಯಲ್ಲಿ ಮಾಲಕರು ಇಬ್ಬರು. ದೊಡ್ಡ ಮಾಲಕರು ಅಂಗಡಿ ಕಟ್ಟಿದವರು. ಕಾಲು ಜಾರಿ ಬಿದ್ದ ಮೇಲೆ ಅವರು ಮನೆಯಲ್ಲೇ ಇದ್ದಾರೆ. ಈಗ ವ್ಯವಹಾರವೆಲ್ಲ ಅವರ ಮಗ ಸಣ್ಣ ಮಾಲಕರದು. ಸಣ್ಣ ಮಾಲಕರು ಕೆಟ್ಟವರಲ್ಲ, ಆದರೆ ಶಿಬಿರಗಳಿಗೆ ಹೋಗುತ್ತಾರೆ. ಒಮ್ಮೆ ಪುಣೆಯಲ್ಲಿ ಎರಡು ದಿನದ ಡಿಜಿಟಲ್ ಶಿಬಿರ ಮುಗಿಸಿ ಬಂದವರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಇನ್ನ ಮುಂದ ಗಿರಾಕಿ ಬಾಗಲಕ್ಕ ಬರಂಗಿಲ್ಲ, ನಾವ ಗಿರಾಕಿ ಕಿಸೇದಾಗ ಹೋಗಬೇಕು" ಎಂದರು. ಅಂದಿನಿಂದ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಹೊಸ ಕಾನೂನು. ವಿಡಿಯೊ ಹಾಕಿದ ಕೂಡಲೇ ಎಲ್ಲರೂ ಲೈಕ್ ಒತ್ತಬೇಕು, ಮನೆಯವರಿಂದಲೂ ಒತ್ತಿಸಬೇಕು. ಹೀಗಾಗಿ ನಮ್ಮ ಚಾದರಗಳನ್ನು ಮೆಚ್ಚಿದವರು ಯಾರು ಎಂದು ನೋಡಿದರೆ ಲೆಕ್ಕ ಬರೆಯುವವರ ಹೆಂಡತಿ, ಡ್ರೈವರನ ಅಳಿಯ, ನನ್ನ ಅತ್ತೆ. ಸಣ್ಣ ಮಾಲಕರು ಮಾತ್ರ ಆ ಪಟ್ಟಿ ನೋಡಿ, "ರಿಸ್ಪಾನ್ಸ್ ಚಲೋ ಅದ" ಎನ್ನುತ್ತಿದ್ದರು.

ನಮ್ಮದೂ ಒಂದು ವಿಡಿಯೊ ಓಡಿತು, ಸುಳ್ಳು ಹೇಳಬಾರದು. ಗೋದಾಮಿನ ಟವೆಲ್ಲಿನ ರಾಶಿಯ ಮೇಲೆ ಬೀದಿಯ ಬೆಕ್ಕೊಂದು ಮಲಗಿತ್ತು. ಬೇಸರಕ್ಕೆ ಅದರ ವಿಡಿಯೊ ಹಿಡಿದು ಹಾಕಿದೆ. ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡರೂ ಬಾರದ ಜನ ಆ ಬೆಕ್ಕು ಆಕಳಿಸಿದ್ದಕ್ಕೆ ಬಂದರು. ಒಬ್ಬರೂ ಟವೆಲ್ಲಿನ ಬೆಲೆ ಕೇಳಲಿಲ್ಲ. ಬೆಕ್ಕಿನ ಹೆಸರೇನು ಎಂದು ಕೇಳಿದವರೇ ಎಲ್ಲ. ಮರುದಿನ ಸಣ್ಣ ಮಾಲಕರು ನನ್ನನ್ನು ಕ್ಯಾಬಿನ್ನಿಗೆ ಕರೆದು, "ಆ ಬೆಕ್ಕ ದಿನಾ ಬೇಕ್ರಿ ನಮಗ" ಎಂದು ಹಾಲಿನ ಖರ್ಚು ಮಂಜೂರು ಮಾಡಿದರು. ಬೆಕ್ಕು ನಾಲ್ಕು ದಿನ ಹಾಲು ಕುಡಿದು, ಐದನೆಯ ದಿನ ಯಾರಿಗೂ ಹೇಳದೆ ಬಿಟ್ಟು ಹೋಯಿತು. ನನಗೆ ಅದರ ಮೇಲೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

ಬೆಕ್ಕು ಹೋದ ಮೇಲೆ ಶುರುವಾದದ್ದು ಈ ದಿನದ ಲೈವ್. ನನ್ನ ಮನೆ ಅಕ್ಕಲಕೋಟೆಯಲ್ಲಿ. ಮೊದಲು ಆರರ ಬಸ್ಸು ಹಿಡಿದು, ಮಗಳ ಜೊತೆ ಕೂತು ಊಟ ಮಾಡುತ್ತಿದ್ದೆ. ಲೈವ್ ಬಂದ ಮೇಲೆ ಆ ಬಸ್ಸು ತಪ್ಪಿತು. ಮುಂದಿನದರಲ್ಲಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ಗುರುವಾರವಂತೂ ನಮ್ಮೂರ ಸ್ವಾಮಿಗಳ ದರ್ಶನಕ್ಕೆ ಹೊರಟವರ ಚೀಲಗಳ ಮೇಲೆಯೇ ಪ್ರಯಾಣ. ಮನೆ ಮುಟ್ಟುವ ಹೊತ್ತಿಗೆ ಮಗಳು ಉಂಡು ಹಾಸಿಗೆಯಲ್ಲಿರುತ್ತಿದ್ದಳು. ಒಂದು ದಿನ ಹೆಂಡತಿ ತಟ್ಟೆ ಇಡುತ್ತಾ, "ಫೋನಿನ್ಯಾಗ ಎಷ್ಟ್ ನಗ್ತೀರಿ. ಮನಿಗಿ ಬರೂದ್ರಾಗ ಎಲ್ಲಾ ತೀರಿ ಹೋಗಿರ್ತದೇನು?" ಎಂದಳು. ಜಗಳಕ್ಕೆ ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು.

ಮನೆ ಮಠ ಬಿಟ್ಟು ಮಾಡುವ ಈ ಲೈವನ್ನು ನೋಡುವವರಾದರೂ ಎಷ್ಟು ಜನ? ಪರದೆಯ ಮೂಲೆಯಲ್ಲಿ ಮೂರು ಎಂದು ತೋರಿಸುತ್ತಿತ್ತು. ಒಂದು, ಕ್ಯಾಬಿನ್ನಿನಲ್ಲಿ ಕೂತ ಸಣ್ಣ ಮಾಲಕರು. ಅವರು ಎರಡು ನಿಮಿಷ ನೋಡಿ ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಇನ್ನೊಂದು, ದನಿ ಸರಿ ಬರುತ್ತಿದೆಯೇ ಎಂದು ನೋಡಲು ನಾನೇ ಹಚ್ಚಿಟ್ಟ ನನ್ನ ಹಳೆಯ ಫೋನು. ಉಳಿದದ್ದು ಒಂದು. ಆ ಖಾತೆಗೆ ಫೋಟೊ ಇರಲಿಲ್ಲ, ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ಅವರು ನನಗಿಂತ ಮೊದಲೇ ಬಂದು ಕೂತಿರುತ್ತಿದ್ದರು, ಕೊನೆಯ ತನಕ ಏಳುತ್ತಿರಲಿಲ್ಲ.

ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ಅವರು ಕಮೆಂಟ್ ಬೇರೆ ಹಾಕುತ್ತಿದ್ದರು. "ನೀಲಿ ಚಾದರ ಪೂರಾ ಬಿಚ್ಚು. ಅಂಚು ತೋರಸು." ಬಿಚ್ಚಿ ತೋರಿಸಿದೆ. "ಮಡಚೂದು ಹಂಗಲ್ಲ." ಮತ್ತೆ ಮಡಚಿದೆ. ಒಂದು ದಿನ ನಾನು ಉತ್ಸಾಹದಿಂದ ಮಾತಾಡುತ್ತಿರುವಾಗ, "ನಿನ್ನ ಹಿಂದ ಗಿರಾಕಿ ನಿಂತಾರ. ಮೊದಲ ಅವರಿಗಿ ನೀರ ಕೊಡು" ಎಂದು ಬಂತು. ತಿರುಗಿ ನೋಡಿದರೆ ನಿಜವಾಗಿಯೂ ಗಂಡ ಹೆಂಡತಿ ಇಬ್ಬರು ನಾನು ಯಾವಾಗ ಸುಮ್ಮನಾಗುತ್ತೇನೋ ಎಂದು ಕಾಯುತ್ತಾ ನಿಂತಿದ್ದರು. ಇಷ್ಟೆಲ್ಲ ಆದರೂ ಈ ಮನುಷ್ಯ ಒಂದು ಕರವಸ್ತ್ರವನ್ನೂ ಕೊಳ್ಳಲಿಲ್ಲ. ನನಗೆ ಮೈ ಉರಿಯುತ್ತಿತ್ತು.

ಕಡೆಗೊಂದು ಸೋಮವಾರದ ಮೀಟಿಂಗಿನಲ್ಲಿ ಬಾಯಿ ಬಿಟ್ಟೆ. "ಲೈವ್ ಯಾರೂ ನೋಡಾಕತ್ತಿಲ್ರಿ. ಬಿಟ್ಟ ಬಿಡೂಣು" ಎಂದೆ. ಸಣ್ಣ ಮಾಲಕರು ಗಲ್ಲಕ್ಕೆ ಪೆನ್ನು ತಾಗಿಸಿಕೊಂಡು ಯೋಚಿಸಿ, ತಿಂಗಳ ಕೊನೆಗೆ ಹೇಳುತ್ತೇನೆ ಎಂದರು. ನಾನು ಆಗಲೇ ಮನಸ್ಸಿನಲ್ಲಿ ಆರರ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದೆ.

ಅದೇ ವಾರ ಒಂದು ಸಂಜೆ ಲೈವ್ ಮುಗಿಸುತ್ತಾ, "ಮಂಡಳೀ, ಇವತ್ತಿನ ಅಂಗಡಿ ಬಂದ್!" ಎಂದು ಕೈ ಬೀಸಿದೆ. ತಕ್ಷಣ ಕಮೆಂಟ್ ಬಂತು. "ಬಂದ್ ಅನಬ್ಯಾಡ ತಮ್ಮಾ. ವಾಢವ್ತೀವಿ ಅನ್ನು." ನಮ್ಮ ಕಡೆಯ ಹಳೆಯ ವ್ಯಾಪಾರಿಗಳು ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಮುಚ್ಚುತ್ತೇವೆ ಎನ್ನುವುದಿಲ್ಲ, ಮರಾಠಿಯ ಮಾತು ಸೇರಿಸಿ ವಾಢವ್ತೀವಿ, ಅಂದರೆ ಬೆಳೆಸುತ್ತೇವೆ, ಎನ್ನುತ್ತಾರೆ. ಮುಚ್ಚುವ ಮಾತು ಬಾಯಲ್ಲಿ ಬರಬಾರದು. ಪಕ್ಕದಲ್ಲಿ ಚಾದರ ಮಡಚುತ್ತಿದ್ದ ಹಿರಿಯ ಸೇಲ್ಸ್‌ಮನ್‌ಗೆ ಫೋನು ತೋರಿಸಿ, "ಯಾರರೀ ಈ ಪುಣ್ಯಾತ್ಮ?" ಎಂದೆ. ಅವರು ಚಾಳೀಸು ಸರಿ ಮಾಡಿಕೊಂಡು ಓದಿ, ಹಳೆಯ ಕಮೆಂಟುಗಳನ್ನೂ ಮೇಲೆ ಸರಿಸಿ ಓದಿ, ದನಿ ತಗ್ಗಿಸಿ ಹೇಳಿದರು.

"ದೊಡ್ಡ ಮಾಲಕ್ರಪಾ ಇವ್ರು. ನಾ ಹುಡುಗ ಇದ್ದಾಗಿಂದ ನನಗ ಹಿಂಗ ಬೈಯ್ಯಾಕತ್ತಾರ."

ನನ್ನ ಮಾತು ಲೈವಿನಲ್ಲಿ ಕೇಳಿಸಿತ್ತೇನೋ, ಮರುದಿನ ಬೆಳಗ್ಗೆ ದೊಡ್ಡ ಮಾಲಕರೇ ಅಂಗಡಿಗೆ ಫೋನು ಮಾಡಿ, ನನ್ನನ್ನು ಫೋನಿಗೆ ಕರೆಸಿ, ನನ್ನ ನಂಬರನ್ನೂ ಬರೆದುಕೊಂಡರು. ನಾನು ಸೇರುವ ಹೊತ್ತಿಗೆ ಅವರು ಅಂಗಡಿಗೆ ಬರುವುದು ನಿಂತಿತ್ತು. ಅವರು ಕೂರುತ್ತಿದ್ದ ಗಾದಿ, ಲೋಡುಗಳನ್ನು ತೆಗೆದು ಅಲ್ಲಿ ಗಾಜಿನ ಕೌಂಟರ್ ಹಾಕಿದ್ದರು. ನಾನು ಅವರನ್ನು ನೋಡಿದ್ದು ಗೋಡೆಯ ಮೇಲಿನ ಉದ್ಘಾಟನೆಯ ಫೋಟೊದಲ್ಲಿ ಮಾತ್ರ.

"ನಾನಪಾ, ದಿನಾ ನಿನ್ನ ನೋಡಾಂವ" ಎಂದರು. "ಮೊಮ್ಮಗಳು ಅಕೀದು ಹಳೀ ಫೋನ್ ಕೊಟ್ಟಾಳ. ಸಂಜಿಮುಂದ ಮನ್ಯಾಗ ಕುಂತ ಜೀವ ನಿಲ್ಲಂಗಿಲ್ಲ ನೋಡು. ಆರಾತಂದ್ರ ಅಂಗಡಿಗಿ ಬಂದಂಗ ಆಗ್ತದ."

"ಸಣ್ಣ ಮಾಲಕ್ರಿಗಿ ಹೇಳ್ಲೇನ್ರಿ?"

"ಬ್ಯಾಡ. ಮುದುಕ ಕಾವಲ ಕುಂತಾನ ಅಂತಾನ."

ನಾನು ಹೂಂ ಎಂದೆ. ಲೈವ್ ನಿಲ್ಲಿಸಲು ನಾನೇ ಹೇಳಿದ್ದೇನೆ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಆಮೇಲಿನ ದಿನಗಳಲ್ಲಿ ಲೈವ್ ಇನ್ನೂ ಭಾರವಾಯಿತು. ಮೊದಲು ಯಾರೂ ಇಲ್ಲದ ಕಡೆ ನಗುವುದೇ ಕಷ್ಟ ಎಂದುಕೊಂಡಿದ್ದೆ. ಒಬ್ಬರಿದ್ದಾರೆ ಎಂದು ಗೊತ್ತಾದ ಮೇಲೆ ಸುಳ್ಳು ನಗು ನಗುವುದು ಅದಕ್ಕಿಂತ ಕಷ್ಟ ಎಂದು ತಿಳಿಯಿತು.

ತಿಂಗಳ ಕೊನೆಯ ಮೀಟಿಂಗಿನಲ್ಲಿ ಸಣ್ಣ ಮಾಲಕರು, "ನೀವು ಹೇಳಿದ್ದ ಖರೇ ಅದ. ನಾಳಿಂದ ಲೈವ್ ಬ್ಯಾಡ" ಎಂದರು. ಆ ಕ್ಷಣ ನಾನು ಹೇಳಬಹುದಿತ್ತು. ಹೇಳಬೇಡ ಎಂದು ದೊಡ್ಡ ಮಾಲಕರೇ ಹೇಳಿದ್ದಾರಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ನನ್ನ ಸಂಜೆ ಬೇಕಾಗಿತ್ತು.

ಮರುದಿನ ಆರರ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ಅದೂ ಕಿಟಕಿಯ ಪಕ್ಕ. ಊರು ದಾಟಿ ಜೋಳದ ಹೊಲಗಳು ಶುರುವಾದಾಗ ಕಣ್ಣು ಎಳೆಯುತ್ತಿತ್ತು. ವಳಸಂಗದ ಹತ್ತಿರ ಫೋನು ಬಂತು.

"ತಮ್ಮಾ, ಇವತ್ತ ಅಂಗಡಿ ತಗದಿಲ್ಲೇನು?"

ನಿದ್ದೆ ಹಾರಿ ಹೋಯಿತು. ಅಂಗಡಿ ತೆರೆದಿದೆ, ಲೈವ್ ಮಾತ್ರ ನಿಲ್ಲಿಸಿದ್ದಾರೆ, ನೋಡುವವರು ಇಲ್ಲ ಎಂದು ನಿಲ್ಲಿಸಿದ್ದಾರೆ ಎಂದು ತಡವರಿಸುತ್ತಾ ಹೇಳಿದೆ.

"ಹಂಗೇನು. ಇರ್ಲಿ ಬಿಡು. ನಿನಗೂ ಮನಿ ಅದ" ಎಂದು ಇಟ್ಟರು. ಆ ಸಂಜೆ ಮಗಳ ಜೊತೆ ಊಟಕ್ಕೆ ಕೂತೆ. ಅವಳು ಶಾಲೆಯ ಸುದ್ದಿಯನ್ನೆಲ್ಲ ಹೇಳಿದಳು. ನನಗೆ ಒಂದೂ ತಲೆಗೆ ಹೋಗಲಿಲ್ಲ.

ಮರುದಿನ ಕ್ಯಾಬಿನ್ನಿಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಸಣ್ಣ ಮಾಲಕರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಬೆರಗಾದರು. "ಅಪ್ಪ? ನಮ್ಮ ಮನ್ಯಾಗ ಕುಂತು ದಿನಾ ನೋಡ್ತಿದ್ದರು? ನನಗ ಒಂದ ಮಾತ ಹೇಳಿಲ್ಲಲ್ರಿ" ಎಂದರು. ಆಮೇಲೆ ತಾವೇ, "ಹೇಳಾಕ ನಾ ಎಲ್ಲಿ ಸಿಗ್ತೀನಿ ಅವರಿಗಿ. ನಾ ಹೋಗುವಾಗ ಪೂಜಾದಾಗ ಇರ್ತಾರ, ಬರೂದ್ರಾಗ ಮಲಗಿರ್ತಾರ" ಎಂದರು. ಆದರೆ ಶಿಬಿರಕ್ಕೆ ಹೋದವರ ಬಳಿ ಎಲ್ಲದಕ್ಕೂ ಉಪಾಯ ಇರುತ್ತದೆ. ಅಂಗಡಿಯ ಮೂಲೆ ಮೂಲೆಯಲ್ಲಿ ಕಳ್ಳರಿಗಾಗಿ ಹಾಕಿಸಿದ ಕ್ಯಾಮೆರಾಗಳಿದ್ದವು. ಅವೆಲ್ಲ ತಂದೆಯ ಫೋನಿನಲ್ಲಿ ಕಾಣುವ ಹಾಗೆ ಆ ದಿನವೇ ಮಾಡಿಸಿದರು. ಬಾಗಿಲು, ಕೌಂಟರ್, ಗೋದಾಮು, ದಿನವಿಡೀ ಯಾವಾಗ ಬೇಕಾದರೂ ನೋಡಬಹುದು. ಎಲ್ಲರಿಗೂ ಸಮಾಧಾನವಾಯಿತು. ನನಗೆ ಎಲ್ಲರಿಗಿಂತ ಹೆಚ್ಚು.

ಕೆಲವು ದಿನ ಬಿಟ್ಟು ನಾನೇ ದೊಡ್ಡ ಮಾಲಕರಿಗೆ ಫೋನು ಮಾಡಿ, ಹೇಗೆ ಕಾಣುತ್ತದೆ ಎಂದು ಕೇಳಿದೆ.

"ಎಲ್ಲಾ ಕಾಣ್ತದಪಾ" ಎಂದರು. "ನೀ ಆಕಳಸೂದೂ ಕಾಣ್ತದ. ಆದ್ರ ಎಲ್ಲಾರ ನೆತ್ತಿ ಅಷ್ಟ ಕಾಣ್ತದ. ಒಬ್ಬರೂ ನನ್ನ ಕಡಿ ನೋಡಂಗಿಲ್ಲ."

ಜನ ನೋಡಲಿ ನೋಡಲಿ ಎಂದು ಹಗಲೆಲ್ಲ ಒದ್ದಾಡುವುದೇ ನನ್ನ ಕಸುಬು. ನೋಡುವವರಿಗೂ ಯಾರಾದರೂ ತಮ್ಮನ್ನು ನೋಡಲಿ ಎನಿಸುತ್ತದೆ ಎಂದು ಯಾವ ಶಿಬಿರದಲ್ಲೂ ನಮಗೆ ಹೇಳಿರಲಿಲ್ಲ. ಕ್ಯಾಬಿನ್ನಿಗೆ ಹೋಗಿ ಆ ಮಾತನ್ನು ಹಾಗೆಯೇ ಸಣ್ಣ ಮಾಲಕರಿಗೆ ಮುಟ್ಟಿಸಿದೆ. ಅವರು ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. ದೊಡ್ಡವರ ಮನೆಯ ಸಂಗತಿ, ನನಗೇಕೆ ಎಂದು ಹೊರಬಂದೆ.

ಸಂಜೆ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಿದ್ದಾಗ ಅವರೇ ಹೊರಗೆ ಬಂದರು. "ಆ ಸ್ಟ್ಯಾಂಡ್ ಎಲ್ಲಿ ಇಟ್ಟೀರಿ? ಇವತ್ತ ಒಂದ ದಿನ ಹಚ್ರಿ" ಎಂದರು. ಬಸ್ಸು ಹೋಯಿತು ಎಂದುಕೊಂಡು ಸ್ಟ್ಯಾಂಡು ತೆಗೆದೆ. ಅಪ್ಪನಿಗೆ ತಿಳಿಸಲು ಸಣ್ಣ ಮಾಲಕರು ಮನೆಯಲ್ಲಿದ್ದ ತಮ್ಮ ಮಗಳಿಗೆ ಫೋನು ಮಾಡಿದರು. ಲೈವ್ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಪರದೆಯ ಮೂಲೆಯಲ್ಲಿ ಒಂದು ಎಂದು ಬಂತು.

ಸಣ್ಣ ಮಾಲಕರು ಕ್ಯಾಮೆರಾದ ಮುಂದೆ ನಿಂತದ್ದು ಅದೇ ಮೊದಲು. ನಮಗೆಲ್ಲ ಹೀಗೆ ನಿಲ್ಲಿ, ಹಾಗೆ ನಗಿ ಎಂದು ಕಲಿಸಿದ ಮನುಷ್ಯನಿಗೆ ಕೈ ಎಲ್ಲಿ ಇಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಪರದೆಯಲ್ಲಿ ತಮ್ಮದೇ ಮುಖ ನೋಡುತ್ತಾ ನಿಂತರು. "ಅಲ್ಲಲ್ರಿ, ಈ ಸಣ್ಣ ಗಾಜಿನ್ಯಾಗ ನೋಡ್ರಿ" ಎಂದು ಬೆರಳಿಟ್ಟು ತೋರಿಸಿದೆ. ಅವರು ಅಲ್ಲಿ ನೋಡಿದರು. ಪಾಠ ಒಪ್ಪಿಸುವವರ ಹಾಗೆ, "ಇದು ಹೊಸ ಮಾಲು, ಬಣ್ಣ ಹೋಗಂಗಿಲ್ಲ" ಎಂದು ಒಂದು ಚಾದರ ಎತ್ತಿ ಹಿಡಿದರು.

ಕಮೆಂಟ್ ಬಂತು. ಕಮೆಂಟುಗಳನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ರೂಢಿ. ಓದಿದೆ.

"ಚಾದರ ಇರ್ಲಿ. ಬಾಳ ಸೊರಗ್ಯಾನ ಅವ. ಹೊತ್ತಿಗಿ ಸರಿ ಉಣ್ಣಂತ ಹೇಳು ತಮ್ಮಾ."

ಸಣ್ಣ ಮಾಲಕರ ಕೈಯಲ್ಲಿದ್ದ ಚಾದರ ನಿಧಾನವಾಗಿ ಕೆಳಗಿಳಿಯಿತು. ಅವರು ಗಾಜಿನಿಂದ ಕಣ್ಣು ಕೀಳದೆ ಹೇಳಿದರು.

"ಅಪ್ಪಾ, ನಾ ಇಲ್ಲೇ ನಿಂತೀನಲ್ರಿ. ನನಗ ಹೇಳ್ರಿ."